ಕೂದಲು ಬೆಳೀತಾನೇ ಇದೆ, ತುದಿ ಉಳೀತಿಲ್ಲ

ಪ್ರಶ್ನೆ: ನನಗೆ 27 ವರ್ಷ. ಹುಟ್ಟಿನಿಂದ್ಲೂ ತುಂಬಾ ಬಿಗಿಯಾದ ಗುಂಗುರು ಕೂದಲು, ಒಂದೊಂದು ಸುರುಳಿ ಪೆನ್ ರೀಫಿಲ್‌ಗೆ ಸುತ್ತಿಟ್ಟ ಹಾಗಿರತ್ತೆ. ಹೈಸ್ಕೂಲಿಂದ ರಿಲ್ಯಾಕ್ಸರ್ ಹಾಕಿಸಿ ನೆಟ್ಟಗೆ ಮಾಡಿಸ್ಕೊಳ್ತಿದ್ದೆ, ಆಗ ಬೆನ್ನಿನ ಮಧ್ಯದವರೆಗೂ ಉದ್ದ ಇತ್ತು. 14 ತಿಂಗಳ ಹಿಂದೆ ಎಲ್ಲಾ ನಿಲ್ಲಿಸಿದೆ, ಆಗ ಭುಜಕ್ಕೆ ಕಟ್ ಮಾಡಿಸಿದ್ದು. ಇವತ್ತೂ ಭುಜದಲ್ಲೇ ನಿಂತಿದೆ, ಒಂದಿಂಚೂ ಮುಂದೆ ಹೋಗಿಲ್ಲ. ದಿನಾ ಎಣ್ಣೆ ಹಚ್ತೀನಿ, ಆದ್ರೂ ಸಂಜೆ ಹೊತ್ತಿಗೆ ಒಣ ಹುಲ್ಲಿನ ಥರ. ಹತ್ತು ದಿನಕ್ಕೊಂದ್ಸಲ ತಲೆಸ್ನಾನ, ರಾತ್ರಿ ಗಟ್ಟಿಯಾಗಿ ಗಂಟು ಕಟ್ಟಿ ಮಲಗ್ತೀನಿ, ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ಆರು ತಿಂಗಳಿಂದ ನಡೀತಿದೆ. ಲೋಟದ ನೀರಿಗೆ ಕೂದಲು ಹಾಕಿ ನೋಡಿದೆ, ತೇಲ್ತು, ಅದಕ್ಕೆ ನನ್ನ ಕೂದಲು ನೀರು ಹೀರಲ್ಲ ಅಂದ್ರು. ಸಲೂನಲ್ಲಿ ಪೂರ್ತಿ ಕತ್ತರಿಸಿ ಇಲ್ಲಾ ವಾಪಸ್ ಸ್ಟ್ರೇಟ್ ಮಾಡ್ಸಿ ಅಂತಾರೆ, ಇನ್ನೊಬ್ರು ತಿಂಗಳಿಗೊಮ್ಮೆ ಟ್ರಿಮ್ ಮಾಡ್ಸಿದ್ರೆ ಬೆಳೆಯತ್ತೆ ಅಂತಾರೆ. ನನ್ನ ಕೂದಲಿಗೆ ಇಷ್ಟೇನಾ ಮಿತಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಶ್ನೆ ತುಂಬ ಇದೆ, ಆದ್ರೆ ಭಯ ಒಂದೇ, ನನ್ನ ಕೂದಲು ಬೆಳೆಯೋದು ನಿಲ್ಲಿಸಿಬಿಟ್ಟಿದೆಯಾ ಅನ್ನೋದು. ಇದನ್ನ ನಾನು ಹೇಳೋದಕ್ಕಿಂತ ನೀವೇ ಕಣ್ಣಾರೆ ನೋಡೋದು ಒಳ್ಳೇದು, ಐದು ನಿಮಿಷದ ಕೆಲಸ.

ಮುಂದಿನ ಸಲ ತಲೆಸ್ನಾನದಲ್ಲಿ ಕಂಡಿಷನರ್ ಹಚ್ಚಿರುವಾಗ ಕಿವಿಯ ಹಿಂದಿಂದ ಒಂದು ಸಣ್ಣ ಜಡೆಯಷ್ಟು ಕೂದಲು ತಗೊಳ್ಳಿ, ಬೆರಳಲ್ಲಿ ನಿಧಾನಕ್ಕೆ ನೇರ ಮಾಡಿ, ಬುಡಕ್ಕೆ ಸ್ಕೇಲ್ ಇಟ್ಟು ಕೆಳಗೆ ನೋಡ್ತಾ ಹೋಗಿ. ಒಂದು ಕಡೆ ಸುರುಳಿ ಮುಗಿದು ಅಲ್ಲಿಂದ ಮುಂದೆ ನೆಟ್ಟಗೆ, ಜೀವ ಇಲ್ಲದ ಹಾಗೆ ಇಳಿಬಿದ್ದಿರೋ ಕೂದಲು ಶುರುವಾಗತ್ತೆ. ಬುಡದಿಂದ ಆ ಜಾಗದವರೆಗಿನ ಉದ್ದ ಇದೆಯಲ್ಲ, ಅದು ಪೂರ್ತಿ ಈ 14 ತಿಂಗಳಲ್ಲಿ ನಿಮ್ಮ ತಲೆ ಬೆಳೆಸಿದ್ದು. ತಲೆಕೂದಲು ಸಾಮಾನ್ಯವಾಗಿ ತಿಂಗಳಿಗೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯತ್ತೆ, ತುಂಬಾ ಬಿಗಿ ಸುರುಳಿಯ ಕೂದಲು ಸ್ವಲ್ಪ ಕಮ್ಮಿ, ಹಾಗಾಗಿ ನಿಮಗೆ ಹತ್ತರಿಂದ ಹದಿನೈದು ಸೆಂಟಿಮೀಟರ್ ಸಿಗ್ಬೇಕು. ಅಷ್ಟು ಸಿಕ್ತು ಅಂದ್ರೆ ಬೇರು ತನ್ನ ಕೆಲಸ ಮಾಡಿದೆ. ಆದ್ರೂ ಒಟ್ಟು ಉದ್ದ ಭುಜದಲ್ಲೇ ಇದೆ ಅಂದ್ರೆ ಅರ್ಥ ಒಂದೇ, ಮೇಲಿಂದ ಎಷ್ಟು ಬಂತೋ ಹೆಚ್ಚುಕಮ್ಮಿ ಅಷ್ಟೇ ಕೆಳಗಿಂದ ತುಂಡಾಗಿ ಹೋಗಿದೆ.

ಇದರ ಜೊತೆ ಇನ್ನೊಂದು ಲೆಕ್ಕ ಇದೆ. ಸುರುಳಿ ಉದ್ದ ನುಂಗತ್ತೆ. ಬಿಗಿ ಸುರುಳಿ ಒಣಗಿದಾಗ ತನ್ನ ನಿಜವಾದ ಉದ್ದದ ಅರ್ಧಕ್ಕಿಂತ ಕಮ್ಮಿ ಕಾಣಿಸೋದು ಮಾಮೂಲು. ನಿಮ್ಮ ತಲೆಯಲ್ಲಿ ಮೇಲಿನ ಅರ್ಧ ಮೊದಲು ನೆಟ್ಟಗಿದ್ದದ್ದು ಈಗ ಸುರುಳಿ ಆಗಿದೆ, ಅಂದ್ರೆ ಬೆಳೆದ ಉದ್ದದಲ್ಲೂ ಒಂದು ಪಾಲು ಕಣ್ಣಿಗೆ ಬೀಳ್ತಾನೇ ಇಲ್ಲ. ಕನ್ನಡಿ ನೋಡಿ ಅಳೀಬೇಡಿ, ಎಳೆದು ಸ್ಕೇಲ್ ಇಟ್ಟು ಅಳೀರಿ, ಅದೂ ಮೂರು ತಿಂಗಳಿಗೊಮ್ಮೆ ಸಾಕು.

ಮಿತಿ ಅನ್ನೋದು ಇಲ್ಲವೇ ಇಲ್ಲ ಅಂತಲ್ಲ. ಪ್ರತಿ ಎಳೆಗೂ ಬೆಳೆಯೋ ಕಾಲ ಅಂತ ಒಂದಿದೆ, ಎರಡರಿಂದ ಆರು ವರ್ಷ, ಆಮೇಲೆ ಅದು ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರತ್ತೆ, ಅದೇ ಜಾಗದಲ್ಲಿ ಹೊಸದು ಬರತ್ತೆ. ಆ ಕಾಲ ಎಷ್ಟು ಉದ್ದವೋ ಕೂದಲು ಅಷ್ಟು ಉದ್ದ. ಆದ್ರೆ ಬೆನ್ನಿನ ಮಧ್ಯದವರೆಗೆ ಇದ್ದ ಕೂದಲು ಅಂದಿರಲ್ಲ, ಅದೇ ತಲೆ ಅದೇ ಬೇರು, ರಿಲ್ಯಾಕ್ಸರ್ ಬೇರಿನ ಗಡಿಯಾರವನ್ನ ಉದ್ದ ಮಾಡಲ್ಲ. ಆಗ ಬೆನ್ನಿಗೆ ಬರೋಕೆ ಆಗಿತ್ತು ಅಂದ್ರೆ ನಿಮ್ಮ ಮಿತಿ ಭುಜ ಖಂಡಿತ ಅಲ್ಲ.

ಈಗ ತುಂಡಾಗ್ತಿದೆಯಾ ಉದುರ್ತಿದೆಯಾ ಅನ್ನೋದನ್ನ ಬೇರೆ ಮಾಡ್ಬೇಕು, ಯಾಕಂದ್ರೆ ಎರಡಕ್ಕೂ ಔಷಧಿ ಬೇರೆ. ಬಾಚಿದಾಗ ಬಂದ ಕೂದಲನ್ನ ಒಂದು ಬಿಳಿ ಬಟ್ಟೆ ಮೇಲೆ ಹರಡಿ, ಬೆಳಕಿನಲ್ಲಿ ಒಂದೊಂದೇ ಎತ್ತಿ ನೋಡಿ. ಉದ್ದಕ್ಕಿದ್ದು, ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳೀ ಗುಬುಟು ಇದ್ರೆ ಅದು ಬೇರಿಂದ ತಾನಾಗಿ ಬಂದದ್ದು, ದಿನಕ್ಕೆ 50ರಿಂದ 100 ಹಾಗೆ ಹೋಗೋದು ಸಹಜ, ಮತ್ತೆ ಹತ್ತು ದಿನಕ್ಕೊಮ್ಮೆ ಬಾಚೋರಿಗೆ ಅದು ಒಟ್ಟಿಗೇ ಕೈಗೆ ಬರೋದ್ರಿಂದ ನೋಡಿ ಗಾಬರಿ ಆಗತ್ತೆ. ಗುಬುಟು ಇಲ್ಲದ ಚಿಕ್ಕ ಚಿಕ್ಕ ತುಂಡು, ಎರಡೂ ಕಡೆ ಬೋಳು, ಅದು ಮುರಿದದ್ದು. ನಿಮ್ಮಂಥ ಕೇಸಲ್ಲಿ ನಾನು ನೋಡಿರೋ ಮಟ್ಟಿಗೆ ಬಟ್ಟೆ ತುಂಬ ಈ ಎರಡನೇ ಥರದ್ದೇ ಇರತ್ತೆ, ಅದರಲ್ಲೂ ನೆಟ್ಟಗಿರೋ ತುಂಡುಗಳು. ಕೆಲವು ಎಳೆ ಮೇಲೆ ಪುಟ್ಟ ಬಿಳೀ ಚುಕ್ಕಿ ಕಾಣ್ಬಹುದು, ಹೇನಿನ ಮೊಟ್ಟೆ ಅಂದ್ಕೊಂಡು ಹೆದರಬೇಡಿ, ಅಲ್ಲಿ ಹೊರಪದರ ಕಿತ್ತು ಒಳಗಿನ ನಾರು ಪೊರಕೆ ಥರ ಬಿಚ್ಚಿಕೊಂಡಿದೆ, ನಾಳೆ ನಾಡಿದ್ದು ಮುರಿಯೋ ಜಾಗ ಅದು.

ಯಾಕೆ ಮುರಿಯತ್ತೆ? ಗುಂಗುರು ಕೂದಲು ದಪ್ಪ ಕಾಣತ್ತೆ, ಜನ ಗಟ್ಟಿ ಅಂದ್ಕೊಳ್ತಾರೆ, ಆದ್ರೆ ಒಂದು ಎಳೆ ತಗೊಂಡ್ರೆ ಅದು ದುಂಡಗಿರಲ್ಲ, ರಿಬ್ಬನ್ ಥರ ಚಪ್ಪಟೆ, ಮತ್ತೆ ಉದ್ದಕ್ಕೂ ತಿರುಚಿಕೊಂಡಿರತ್ತೆ. ತಿರುವಿರೋ ಪ್ರತಿ ಜಾಗವೂ ಒಂದು ದುರ್ಬಲ ಜಾಗ. ಅದರ ಜೊತೆ ನೆತ್ತಿಯಲ್ಲಿ ಬರೋ ಜಿಡ್ಡು ನೆಟ್ಟಗಿನ ಕೂದಲಲ್ಲಿ ಸಲೀಸಾಗಿ ಕೆಳಗೆ ಜಾರತ್ತೆ, ಸುರುಳಿಯಲ್ಲಿ ಬುಡದಲ್ಲೇ ಉಳ್ಕೊಳ್ಳತ್ತೆ, ತುದಿಗೆ ತಲುಪೋದೇ ಇಲ್ಲ. ಆ ತುದಿಯ ವಯಸ್ಸು ಲೆಕ್ಕ ಹಾಕಿ, ಭುಜದ ಹತ್ತಿರ ಇರೋ ಕೂದಲು ನಿಮ್ಮ ತಲೆಯಿಂದ ಹೊರಗೆ ಬಂದು ಎರಡು ವರ್ಷದ ಮೇಲಾಗಿದೆ, ಅಷ್ಟು ದಿನದ ಬಾಚಣಿಗೆ, ಬಿಸಿಲು, ದಿಂಬು, ಕಾಲರ್ ಉಜ್ಜಾಟ ಎಲ್ಲಾ ತಿಂದಿದೆ, ಮೇಲೆ ಕೆಮಿಕಲ್ ಬೇರೆ. ಭುಜಕ್ಕೆ ಬಂದ ತಕ್ಷಣ ಎಷ್ಟೋ ಜನರ ಕೂದಲು ನಿಂತ ಹಾಗಾಗೋದು ಯಾಕೆ ಅಂದ್ರೆ ಅಲ್ಲಿಂದಲೇ ಬಟ್ಟೆ ಜೊತೆ ದಿನವಿಡೀ ಉಜ್ಜಾಟ ಶುರುವಾಗೋದು.

ಇನ್ನು ನಿಮ್ಮ ತಲೆಯಲ್ಲಿ ಸುರುಳಿಯೂ ನೆಟ್ಟಗಿನದೂ ಸೇರೋ ಆ ಗೆರೆ ಇದೆಯಲ್ಲ, ಅದೇ ಅತೀ ಬಡಪಾಯಿ ಜಾಗ. ರಿಲ್ಯಾಕ್ಸರ್ ಅಂದ್ರೆ ಸಾಮಾನ್ಯವಾಗಿ ಸೋಡಿಯಂ ಹೈಡ್ರಾಕ್ಸೈಡ್ ಥರದ ಜೋರು ಕ್ಷಾರ, ಪಿಎಚ್ 12ಕ್ಕಿಂತ ಮೇಲೆ. ಕೂದಲಿಗೆ ಆಕಾರ ಕೊಡೋ ಗಂಧಕದ ಕೊಂಡಿಗಳನ್ನೇ ಅದು ಶಾಶ್ವತವಾಗಿ ಬದಲಾಯಿಸತ್ತೆ, ಜೊತೆಗೆ ಹೊರಪದರದ ಮೇಲಿರೋ ನೀರು ತಡೆಯೋ ತೆಳು ಕೊಬ್ಬಿನ ಲೇಪವನ್ನೂ ಕಿತ್ತು ಹಾಕತ್ತೆ. ಹಾಗಾಗಿ ಕೆಳಗಿನ ಭಾಗ ಯಾವ ಎಣ್ಣೆ ಹಚ್ಚಿದ್ರೂ, ಯಾವ ಮಾಸ್ಕ್ ಹಾಕಿದ್ರೂ ಮತ್ತೆ ಸುರುಳಿ ಆಗಲ್ಲ, ರಿಪೇರಿನೂ ಆಗಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಲ್ಲಿ ಜೀವಕೋಶ ಇಲ್ಲ, ಅದು ತನ್ನನ್ನ ತಾನು ಸರಿ ಮಾಡ್ಕೊಳ್ಳಲ್ಲ. ಬಾಟಲಿ ಮೇಲೆ ರಿಪೇರಿ ಅಂತ ಬರೆದಿದ್ರೆ ಅದು ಹೆಚ್ಚಾಗಿ ತಾತ್ಕಾಲಿಕ ತೇಪೆ ಅಂತ ಓದ್ಕೊಳ್ಳಿ.

ಈಗ ಒಣಗೋ ವಿಷಯ, ಇಲ್ಲೇ ನಿಮಗೆ ಜಾಸ್ತಿ ಮೋಸ ಆಗಿರೋದು. ಎಣ್ಣೆ ತೇವ ಅಲ್ಲ. ಎಣ್ಣೆಯಲ್ಲಿ ನೀರಿಲ್ಲ, ಅದು ಕೂದಲಿಗೆ ನೀರು ಕೊಡೋಕೆ ಆಗಲ್ಲ, ಒಳಗಿರೋದು ಬೇಗ ಹೋಗದ ಹಾಗೆ ಸ್ವಲ್ಪ ಮಟ್ಟಿಗೆ ತಡೆಯತ್ತೆ ಮತ್ತೆ ಎಳೆ ಎಳೆ ಉಜ್ಜೋದನ್ನ ಕಮ್ಮಿ ಮಾಡತ್ತೆ, ಅಷ್ಟೇ. ಒಣ ಕೂದಲಿಗೆ ದಿನಾ ಎಣ್ಣೆ ಹಚ್ಚಿದ್ರೆ ಎಣ್ಣೆ ಹಚ್ಚಿದ ಒಣ ಕೂದಲು ಸಿಗತ್ತೆ. ಹತ್ತು ದಿನದ ಎಣ್ಣೆ ಮೇಲೆ ಎಣ್ಣೆ ಕೂತು, ಧೂಳು ಅಂಟಿ, ಕೂದಲು ಇನ್ನೂ ಒರಟಾಗತ್ತೆ, ನೀವು ಇನ್ನಷ್ಟು ಎಣ್ಣೆ ಹಚ್ತೀರಾ. ತೆಂಗಿನೆಣ್ಣೆ ಇದರಲ್ಲಿ ಸ್ವಲ್ಪ ಬೇರೆ, ಅದರ ಅಣು ಚಿಕ್ಕದು ಮತ್ತು ನೇರ, ಹಾಗಾಗಿ ಕೂದಲೊಳಗೆ ಇಳಿಯತ್ತೆ, ತೊಳೆಯೋಕೆ ಮುಂಚೆ ಹಚ್ಚಿದ್ರೆ ತೊಳೆಯುವಾಗ ಕೂದಲಿನ ಪ್ರೋಟೀನ್ ಕಳೆಯೋದು ಕಮ್ಮಿಯಾಗತ್ತೆ ಅನ್ನೋದಕ್ಕೆ ಒಳ್ಳೆ ಆಧಾರ ಇದೆ. ಅಂದ್ರೆ ಅದರ ಜಾಗ ತಲೆಸ್ನಾನಕ್ಕೆ ಮುಂಚೆ, ಸಂಜೆ ಒಣಗಿದಾಗ ಅಲ್ಲ.

ಲೋಟದ ಪರೀಕ್ಷೆ ಮರೆತುಬಿಡಿ. ಕೂದಲು ತೇಲೋದು ಮುಳುಗೋದು ಅದರ ಮೇಲಿರೋ ಎಣ್ಣೆ, ನೀರಿನ ಮೇಲ್ಮೈ ಸೆಳೆತ, ಅಂಟಿರೋ ಗಾಳಿ ಗುಳ್ಳೆ ಇವುಗಳ ಮೇಲೆ ಹೋಗತ್ತೆ. ದಿನಾ ಎಣ್ಣೆ ಹಚ್ಚೋ ನಿಮ್ಮ ಕೂದಲು ತೇಲದೆ ಇನ್ನೇನು ಮಾಡತ್ತೆ! ರಿಲ್ಯಾಕ್ಸ್ ಆದ ನಿಮ್ಮ ತುದಿಗಳ ಕಥೆ ಇದರ ಉಲ್ಟಾ, ಬೇಗ ನೀರು ಹೀರತ್ತೆ, ಅಷ್ಟೇ ಬೇಗ ಬಿಡತ್ತೆ. ಬುಡದ ಹೊಸ ಕೂದಲು ಒಂದು ಥರ, ತುದಿ ಇನ್ನೊಂದು ಥರ, ಇಡೀ ತಲೆಗೆ ಒಂದೇ ಹಣೆಪಟ್ಟಿ ಅಂಟಿಸೋಕೆ ಆಗಲ್ಲ. 4ಸಿ, 3ಬಿ ಅಂತ ಸುರುಳಿಗೆ ನಂಬರ್ ಹಾಕೋ ಪದ್ಧತಿಯೂ ಹಾಗೇ, 1990ರ ದಶಕದಲ್ಲಿ ಆಂಡ್ರೆ ವಾಕರ್ ಅನ್ನೋ ಕೇಶವಿನ್ಯಾಸಕ ಶುರು ಮಾಡಿದ್ದನ್ನ ಜನ ಬೆಳೆಸಿದ್ದು, ಆಕಾರ ಹೇಳೋಕೆ ಅನುಕೂಲ, ಆರೈಕೆ ಅದ್ರಿಂದ ತೀರ್ಮಾನ ಆಗಲ್ಲ.

ಹಾಗಾದ್ರೆ ಏನು ಮಾಡೋದು. ಮೊದಲು ಹತ್ತು ದಿನವನ್ನ ಐದಾರು ದಿನಕ್ಕೆ ಇಳಿಸಿ. ಕೂದಲಿಗೆ ತೇವ ಸಿಗೋ ದೊಡ್ಡ ಅವಕಾಶ ಅಂದ್ರೆ ತೊಳೆಯೋ ದಿನವೇ, ಅದನ್ನ ಯಾಕೆ ಮುಂದಕ್ಕೆ ಹಾಕೋದು. ಶಾಂಪೂ ನೆತ್ತಿಗೆ ಮಾತ್ರ, ಬೆರಳ ತುದಿಯಲ್ಲಿ, ನೊರೆ ಇಳಿಯುವಾಗ ಕೆಳಗಿನ ಕೂದಲು ತಾನಾಗಿ ಶುದ್ಧ ಆಗತ್ತೆ. ಸಲ್ಫೇಟ್ ಇದ್ರೆ ವಿಷ, ಸಿಲಿಕೋನ್ ಇದ್ರೆ ವಿಷ ಅನ್ನೋದು ಎರಡೂ ಅತಿ ಮಾತು. ಒಳ್ಳೆ ಸಿಲಿಕೋನ್ ನಿಮ್ಮ ಆ ಸವೆದ ತುದಿಗೆ ಎಷ್ಟೋ ಎಣ್ಣೆಗಿಂತ ಚೆನ್ನಾಗಿ ರಕ್ಷಣೆ ಕೊಡತ್ತೆ, ಮಾಮೂಲಿ ಶಾಂಪೂನಲ್ಲೇ ಅದು ಹೋಗತ್ತೆ ಕೂಡ. ಬಟ್ಟೆ ಸೋಪ್ ಮೈ ಸೋಪ್ ಮಾತ್ರ ಬೇಡ, ಅದು ಕ್ಷಾರ, ಹೊರಪದರದಲ್ಲಿ ಹೆಂಚಿನ ಥರ ಜೋಡಿಸಿರೋ ಪೊರೆಗಳು ಎದ್ದು ನಿಲ್ಲತ್ತೆ. ನಿಮ್ಮ ಮನೆ ನೀರು ಗಡಸಾಗಿದ್ರೆ, ಅಂದ್ರೆ ನಲ್ಲಿ ಬಾಯಲ್ಲಿ ಬಿಳಿ ಕಟ್ಟಿದ್ರೆ, ಇಡಿಟಿಎ (ಗಡಸು ನೀರಿನ ಖನಿಜ ಹಿಡಿದು ತೆಗೆಯೋ ವಸ್ತು) ಇರೋ ಶಾಂಪೂ ತಿಂಗಳಿಗೊಮ್ಮೆ ಬಳಸಿ, ಕೂದಲ ಮೇಲೆ ಕೂತ ಕ್ಯಾಲ್ಸಿಯಂ ಹೋಗತ್ತೆ.

ಆಮೇಲೆ ಕಂಡಿಷನರ್, ಕೈತುಂಬ. ಕೂದಲು ಹಾಳಾದ ಕಡೆ ಋಣ ವಿದ್ಯುತ್ ಅಂಶ ಜಾಸ್ತಿ ಇರತ್ತೆ, ಕಂಡಿಷನರ್‌ನಲ್ಲಿರೋದು ಧನ ಅಂಶ, ಹಾಗಾಗಿ ಅದು ಹುಡ್ಕೊಂಡು ಹೋಗಿ ಹಾಳಾದ ಜಾಗಕ್ಕೇ ಜಾಸ್ತಿ ಅಂಟತ್ತೆ, ನಿಜಕ್ಕೂ ಇದಕ್ಕಿಂತ ಒಳ್ಳೆ ವಸ್ತು ನಿಮ್ಮ ತುದಿಗೆ ಇಲ್ಲ. ಅದು ಹಚ್ಚಿರುವಾಗಲೇ ಸಿಕ್ಕು ಬಿಡಿಸಿ. ನೆಟ್ಟಗಿನ ಕೂದಲಿನೋರಿಗೆ ಒದ್ದೆಯಲ್ಲಿ ಬಾಚ್ಬೇಡಿ ಅಂತೀವಲ್ಲ, ಬಿಗಿ ಸುರುಳಿಗೆ ಅದು ತಿರುಗುಮುರುಗು, ಒಣಗಿದಾಗ ಬಾಚೋಕೇ ಜಾಸ್ತಿ ಬಲ ಬೇಕು, ಒದ್ದೆ ಇದ್ದು ಜಾರಿಕೆ ಇದ್ರೆ ಕಮ್ಮಿ ಸಾಕು. ತಲೆಯನ್ನ ಆರೆಂಟು ಭಾಗ ಮಾಡಿ, ಬೆರಳಲ್ಲಿ ಮೊದಲು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ನಿಮಗೆ ಅಂತ ಒಂದು ವಿಶೇಷ, ಕೆಳಗಿನ ನೆಟ್ಟಗಿನ ಭಾಗ ಬಾಚುವಾಗ ಆ ಗೆರೆಗಿಂತ ಸ್ವಲ್ಪ ಕೆಳಗೆ ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳಲ್ಲಿ ಜಡೆಯನ್ನ ಬಿಗಿಯಾಗಿ ಹಿಡ್ಕೊಳ್ಳಿ, ಎಳೆತ ಬೆರಳಿಗೆ ಬಂದು ನಿಲ್ಲತ್ತೆ, ಗೆರೆಗೂ ಬುಡಕ್ಕೂ ಹೋಗಲ್ಲ. ಬಾಚಣಿಗೆ ಸಿಕ್ಕಾಕೊಂಡಾಗ ಚಟ್ ಅಂತ ಸದ್ದು ಬಂದ್ರೆ ಅಲ್ಲೇ ನಿಲ್ಲಿಸಿ, ಇನ್ನೊಂಚೂರು ನೀರು ಕಂಡಿಷನರ್ ಹಾಕಿ. ಆ ಸದ್ದೇ ನಿಮ್ಮ ಕಳೆದುಹೋದ ಉದ್ದ.

ತೊಳೆದಾದ್ಮೇಲೆ ಟವೆಲ್‌ನಲ್ಲಿ ಗಸಗಸ ಉಜ್ಜಬೇಡಿ, ಹಳೇ ಕಾಟನ್ ಟೀ ಶರ್ಟಲ್ಲಿ ಒತ್ತಿ ನೀರು ತೆಗೀರಿ. ಕೂದಲು ಇನ್ನೂ ಒದ್ದೆ ಇರುವಾಗಲೇ ಲೀವ್-ಇನ್ ಕಂಡಿಷನರ್ (ತೊಳೆಯದೆ ಹಾಗೇ ಬಿಡೋದು), ಅದರ ಮೇಲೆ ಸ್ವಲ್ಪ ಕ್ರೀಮ್ ಇಲ್ಲಾ ಎರಡು ಮೂರು ತೊಟ್ಟು ಎಣ್ಣೆ, ತುದಿಗೆ ಮಾತ್ರ ಸ್ವಲ್ಪ ಜಾಸ್ತಿ. ಕ್ರಮ ಮುಖ್ಯ, ನೀರು ಮೊದಲು, ಎಣ್ಣೆ ಕೊನೆಗೆ. ವಾರದ ಮಧ್ಯೆ ಒಣಗಿದೆ ಅನ್ನಿಸಿದ್ರೆ ಸ್ಪ್ರೇ ಬಾಟಲಲ್ಲಿ ನೀರಿಗೆ ಒಂಚೂರು ಲೀವ್-ಇನ್ ಬೆರೆಸಿ ತುದಿಗೆ ಸಿಂಪಡಿಸಿ, ಇಡೀ ತಲೆ ದಿನಾ ನೆನೆಸ್ಬೇಡಿ. ನೀರು ಹೀರಿದಾಗ ಕೂದಲು ಅಡ್ಡಕ್ಕೆ ಸುಮಾರು ನೂರಕ್ಕೆ 15ರಷ್ಟು ಉಬ್ಬತ್ತೆ, ಸವೆದ ಕೂದಲನ್ನ ದಿನಾ ಉಬ್ಬಿಸಿ ಕುಗ್ಗಿಸೋದು ಅದಕ್ಕೆ ಭಾರ. ನೆತ್ತಿಗೆ ಮಾತ್ರ ಎಣ್ಣೆ ಬೇಡ, ಯಾಕಂದ್ರೆ ತಲೆಹೊಟ್ಟು, ಅದಕ್ಕೆ ಕಾರಣ ಆಗೋ ಮಲಸೇಜಿಯಾ ಅನ್ನೋ ಯೀಸ್ಟ್ ಕೊಬ್ಬು ತಿಂದು ಬದುಕತ್ತೆ, ಜಿಡ್ಡಿನ ಹೊಟ್ಟನ್ನ ಒಣಗಿದೆ ಅಂದ್ಕೊಂಡು ಎಣ್ಣೆ ಸುರಿಯೋರು ನನ್ನ ಹತ್ತಿರ ವಾರಕ್ಕೊಬ್ಬರಾದ್ರೂ ಬರ್ತಾರೆ.

ರಾತ್ರಿ ಗಟ್ಟಿ ಗಂಟು ಇವತ್ತೇ ನಿಲ್ಲಿಸಿ. ನಾಲ್ಕಾರು ಸಡಿಲ ಜಡೆ ಇಲ್ಲಾ ಎರಡೆಳೆ ತಿರುವು ಹಾಕಿ, ಸ್ಯಾಟಿನ್ ಟೋಪಿ ಇಲ್ಲಾ ಸ್ಯಾಟಿನ್ ದಿಂಬಿನ ಕವರ್. ಹಗಲಲ್ಲೂ ತುದಿಗಳನ್ನ ಮಡಚಿ ಒಳಗೆ ಸೇರಿಸೋ ಸ್ಟೈಲ್ ಒಳ್ಳೇದು, ಭುಜದ ಉಜ್ಜಾಟ ತಪ್ಪತ್ತೆ. ಆದ್ರೆ ಕೂದಲು ಉಳಿಸ್ತೀನಿ ಅಂತ ಬಿಗಿಯಾಗಿ ಹೆಣೆಸಿಕೊಂಡು ತಿಂಗಳುಗಟ್ಟಲೆ ಬಿಡೋದನ್ನ ನಾನು ತುಂಬ ನೋಡಿದ್ದೀನಿ, ನೋಡಿ ಬೇಜಾರಾಗಿದೆ. ಹೆಣೆದ ದಿನ ನೋವು, ಬುಡದಲ್ಲಿ ಚಿಕ್ಕ ಚಿಕ್ಕ ಗುಳ್ಳೆ, ಹಣೆ ಪಕ್ಕದ ಕೂದಲು ತೆಳ್ಳಗಾಗೋದು, ಇವು ಎಳೆತದಿಂದ ಬೋಳಾಗೋ ಕಾಯಿಲೆಯ ಮೊದಲ ಸೂಚನೆ. ಶುರುವಲ್ಲಿ ಬಿಟ್ರೆ ಕೂದಲು ವಾಪಸ್ ಬರತ್ತೆ, ವರ್ಷಗಟ್ಟಲೆ ಮುಂದುವರಿದ್ರೆ ಬೇರಿನ ಜಾಗದಲ್ಲಿ ಕಲೆ ಕಟ್ಟತ್ತೆ, ಆಮೇಲೆ ಯಾವ ಔಷಧಿಗೂ ಬರಲ್ಲ. ನೆತ್ತಿ ನಡುವೆ ತೆಳ್ಳಗಾಗ್ತಾ ಅಲ್ಲಿ ಉರಿ, ತುರಿಕೆ, ಮುಟ್ಟಿದ್ರೆ ನೋವು ಅಂತ ಇದ್ರೂ ಅಷ್ಟೇ, ಎಣ್ಣೆ ಬದಲಾಯಿಸ್ತಾ ಕೂರಬೇಡಿ, ಚರ್ಮರೋಗ ತಜ್ಞರಿಗೆ ತೋರಿಸಿ.

ಬಯೋಟಿನ್ ಬಗ್ಗೆ, ದೇಹದಲ್ಲಿ ಅದರ ಕೊರತೆ ಇರೋರು ತೀರಾ ಅಪರೂಪ, ಕೊರತೆ ಇಲ್ಲದೋರಿಗೆ ಕೂದಲು ಬೆಳೆಸತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಜೊತೆಗೆ ಜಾಸ್ತಿ ಡೋಸ್ ಇದ್ರೆ ಥೈರಾಯ್ಡ್ ಥರದ ರಕ್ತ ಪರೀಕ್ಷೆಗಳ ರಿಪೋರ್ಟ್ ತಪ್ಪಾಗಿ ಬರಬಹುದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನಿಮ್ಮ ಬಿಳಿ ಬಟ್ಟೆ ಮೇಲೆ ಗುಬುಟಿರೋ ಕೂದಲೇ ಜಾಸ್ತಿ ಕಂಡ್ರೆ ಫೆರಿಟಿನ್ (ದೇಹದಲ್ಲಿ ಕಬ್ಬಿಣದ ಸಂಗ್ರಹ ತೋರಿಸೋದು), ಥೈರಾಯ್ಡ್ ಪರೀಕ್ಷೆ ಮಾಡಿಸಿ, ಮಾಡಿಸೋ ಮುಂಚೆ ಬಯೋಟಿನ್ ತಗೊಳ್ತಿದೀನಿ ಅಂತ ವೈದ್ಯರಿಗೆ ಹೇಳಿ.

ಸಲೂನಿನೋರು ಹೇಳಿದ್ದಕ್ಕೆ ಬರ್ತೀನಿ. ಪೂರ್ತಿ ಕತ್ತರಿಸಿದ್ರೆ ಆ ಗೆರೆಯ ಸಮಸ್ಯೆ ಒಂದೇ ದಿನಕ್ಕೆ ಮುಗಿಯತ್ತೆ, ಆರೈಕೆ ಅರ್ಧಕ್ಕರ್ಧ ಸುಲಭ, ಉಳಿಯೋದೆಲ್ಲ ಗಟ್ಟಿ ಕೂದಲು. ಆದ್ರೆ ಹತ್ತು ಹದಿನೈದು ಸೆಂಟಿಮೀಟರ್ ಸುರುಳಿ ಒಣಗಿದಾಗ ಕಿವಿ ಮೇಲಕ್ಕೆ ಹೋಗತ್ತೆ, ಅದಕ್ಕೆ ಮನಸ್ಸು ಸಿದ್ಧ ಇರ್ಬೇಕು, ಯಾರೋ ಹೇಳಿದ್ರು ಅಂತ ಮಾಡಿಸಿ ಕನ್ನಡಿ ಮುಂದೆ ಅಳೋ ಥರ ಆಗಬಾರದು. ಮತ್ತೆ ಸ್ಟ್ರೇಟ್ ಮಾಡಿಸೋದು ನನಗೆ ಒಪ್ಪಿಗೆ ಇಲ್ಲ. ಹಳೇ ರಿಲ್ಯಾಕ್ಸ್ ಆದ ಕೂದಲ ಮೇಲೆ ಕ್ಷಾರ ಇನ್ನೊಂದ್ಸಲ ತಾಗಿದ್ರೆ ಕೈಯಲ್ಲೇ ಉದುರಿ ಬರಬಹುದು. ಅಮೆರಿಕದಲ್ಲಿ 33,497 ಮಹಿಳೆಯರನ್ನ ಗಮನಿಸಿದ ಸಿಸ್ಟರ್ ಸ್ಟಡಿ ಅನ್ನೋ ಅಧ್ಯಯನ 2022ರಲ್ಲಿ ಹೇಳಿದ್ದೂ ಇದೆ, ಪದೇ ಪದೇ ಸ್ಟ್ರೇಟನಿಂಗ್ ಕೆಮಿಕಲ್ ಬಳಸಿದೋರಲ್ಲಿ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ ಕಂಡುಬಂತು ಅಂತ. ಅದೇ ಕಾರಣ ಅಂತ ಅದ್ರಿಂದ ಸಾಬೀತಾಗಲ್ಲ, ಹಿಂದೆ ಹಾಕಿಸಿದ್ದಕ್ಕೆ ನೀವು ಈಗ ನಿದ್ದೆ ಕೆಡಿಸ್ಕೊಳ್ಳೋದೂ ಬೇಡ, ಆದ್ರೆ ಮತ್ತೆ ಶುರು ಮಾಡೋ ಮುಂಚೆ ಗೊತ್ತಿರ್ಬೇಕು. ಎರಡೂ ಭಾಗ ಒಂದೇ ಥರ ಕಾಣ್ಲಿ ಅಂತ ದಿನಾ ಐರನ್ ಮಾಡೋದೂ ಬೇಡ, ಅದು ಹೊಸ ಸುರುಳಿಯನ್ನೂ ಕೆಡಿಸತ್ತೆ. ಒದ್ದೆ ಕೂದಲಿಗಂತೂ ಐರನ್ ಮುಟ್ಟಿಸಲೇಬೇಡಿ, ಒಳಗಿನ ನೀರು ಆವಿಯಾಗಿ ಎಳೆಯೊಳಗೇ ಗುಳ್ಳೆ ಏಳತ್ತೆ, ಅಲ್ಲಿಗೇ ಮುರಿಯತ್ತೆ.

ನಾನಾಗಿದ್ರೆ ನಿಮಗೆ ಮಧ್ಯದ ದಾರಿ ಹೇಳ್ತೀನಿ, ಅದು ನಿಧಾನ, ಆದ್ರೆ ನೀವು ಉದ್ದ ಬಿಟ್ಟುಕೊಡೋಕೆ ತಯಾರಿಲ್ಲ ಅಂತ ಪತ್ರದಲ್ಲೇ ಗೊತ್ತಾಗತ್ತೆ. ಟ್ರಿಮ್ ಮಾಡಿಸಿದ್ರೆ ಕೂದಲು ಬೆಳೆಯಲ್ಲ, ಕತ್ತರಿ ಏನು ಮಾಡ್ತು ಅಂತ ಬೇರಿಗೆ ಗೊತ್ತೇ ಆಗಲ್ಲ. ತಿಂಗಳಿಗೊಮ್ಮೆ ಒಂದು ಸೆಂಟಿಮೀಟರ್ ಕತ್ತರಿಸಿದ್ರೆ ಬೆಳೆದದ್ದೆಲ್ಲ ನೆಲಕ್ಕೆ. ಅದರ ಬದಲು ಮೂರು ತಿಂಗಳಿಗೊಮ್ಮೆ, ನೆಟ್ಟಗಿನ ಭಾಗದಿಂದ ಮಾತ್ರ, ಐದು ಸೆಂಟಿಮೀಟರ್. ಆ ಮೂರು ತಿಂಗಳಲ್ಲಿ ಮೇಲಿಂದ ಮೂರು ಬರತ್ತೆ, ಒಟ್ಟು ಉದ್ದ ಎರಡು ಕಮ್ಮಿ ಆಗತ್ತೆ, ಸ್ವಲ್ಪ ಹೊಟ್ಟೆ ಉರಿಯತ್ತೆ, ಆದ್ರೆ ಹೆಚ್ಚುಕಮ್ಮಿ ಒಂದು ವರ್ಷದಲ್ಲಿ ಆ ಗೆರೆಯೇ ತಲೆಯಿಂದ ಹೊರಗೆ ಹೋಗಿರತ್ತೆ. ಆಮೇಲೆ ಸೀಳು ತುದಿ, ತಾನಾಗಿ ಬೀಳೋ ಪುಟ್ಟ ಗಂಟು ಕಂಡಾಗ ಮಾತ್ರ ಚೂಪಾದ ಕೂದಲ ಕತ್ತರಿಯಲ್ಲಿ ಅದರ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸಿದ್ರೆ ಸಾಕು. ಮೊದಲ ಅಳತೆಯನ್ನ, ಬುಡದಿಂದ ಗೆರೆವರೆಗೆ ಎಷ್ಟು, ಗೆರೆಯಿಂದ ತುದಿಗೆ ಎಷ್ಟು ಅಂತ ಎರಡೂ, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಬರೆಯುವಾಗ ಆ ಎರಡು ಸಂಖ್ಯೆ ಕಳಿಸಿ.